ಪಡಸಾಲೆಯ ಕಣ್ಣು

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ ರೈಲು ಕುಂದಗೋಳವನ್ನು ದಾಟಿದ ಮೇಲೆ ಸಂಶಿಯ ನಿಲ್ದಾಣ ಬರುತ್ತದೆ. ಸುತ್ತಲೂ ಎರೆಯ ಭೂಮಿ. ಹತ್ತಿ, ಮೆಣಸಿನಕಾಯಿ, ಶೇಂಗಾ, ಜೋಳ, ಕಡಲೆಗಳ ನಾಡು. ಆ ಊರಿನ ಹಳೆಯ ಮಣ್ಣಿನ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬಳು ಒಬ್ಬಳೇ ವಾಸವಾಗಿದ್ದಾಳೆ. ಮಗ ಬೆಂಗಳೂರಿನಲ್ಲಿ ನೌಕರ. ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ತಾಯಿಯನ್ನು ಕರೆದೊಯ್ಯಲು ಅವನು ಮಾಡದ ಪ್ರಯತ್ನವಿಲ್ಲ. ಆಕೆಗೋ ಹಿತ್ತಲಿನ ಬೇವಿನ ಮರವನ್ನೂ, ದೇವರ ಜಗಲಿಯನ್ನೂ ಬಿಟ್ಟು ಬರುವ ಮನಸ್ಸಿಲ್ಲ. ಕೊನೆಗೆ ಕಳೆದ ದೀಪಾವಳಿಗೆ ಬಂದಾಗ ಮಗ ಒಂದು ಉಪಾಯವನ್ನು ಹೂಡಿದ. ಪಡಸಾಲೆಯ ಗೋಡೆಯ ಮೇಲೆ, ದೀಪದ ಗೂಡಿಗಿಂತ ತುಸು ಎತ್ತರದಲ್ಲಿ, ನಿಂಬೆಯ ಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಕ್ಯಾಮರಾವನ್ನು ನಿಲ್ಲಿಸಿದ. ಅದು ನೋಡಿದ್ದನ್ನೂ ಕೇಳಿದ್ದನ್ನೂ ಆ ಕ್ಷಣದಲ್ಲಿಯೇ ಬೆಂಗಳೂರಿನ ಅವನ ಅಂಗೈಗೆ ತಂದು ತೋರಿಸತೊಡಗಿತು. ಮಗನಿಗೆ ನೆಮ್ಮದಿಯ ನಿದ್ದೆ ಬಂದಿತು.

ತಿಂಗಳೆರಡು ಕಳೆಯಿತು. ಒಂದು ಮಧ್ಯಾಹ್ನ, ಕಚೇರಿಯಲ್ಲಿ ಊಟದ ಹೊತ್ತಿಗೆ ಮಗ ಫೋನನ್ನು ತೆರೆದು ನೋಡುತ್ತಾನೆ. ಪರದೆಯ ಮೇಲೆ ಬರಿಯ ಕತ್ತಲು! ಅವನ ಎದೆ ಧಸಕ್ಕೆಂದಿತು. ತಾಯಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ನೆರೆಯ ಮನೆಗೆ ಮಾಡಿದ. ನೆರೆಯಾಕೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಓಡಿಬಂದು ನೋಡಿದರೆ, ಮುದುಕಿ ಹಿತ್ತಲಿನಲ್ಲಿ ಮೆಣಸಿನಕಾಯಿಯ ತೊಟ್ಟನ್ನು ಮುರಿಯುತ್ತ ಆರಾಮವಾಗಿ ಕುಳಿತಿದ್ದಾಳೆ. ಕ್ಯಾಮರಾದ ಮೇಲೆ ಗುಳೇದಗುಡ್ಡದ ಖಣದ ಒಂದು ತುಂಡು ಜೋತುಬಿದ್ದಿದೆ.

ಅಂದು ಸಂಜೆ ತಾಯಿ-ಮಕ್ಕಳ ನಡುವೆ ನಡೆದ ಮಾತು ಇಷ್ಟು:

“ಅವ್ವಾ, ಅದನ್ನ ನಿನ್ನ ಸಲುವಾಗೇ ಹಾಕಿಸೀನಿ. ನಿನಗೇನರ ಆದ್ರ ನನಗ ಗೊತ್ತಾಗಬೇಕಲ್ಲ?”

“ಖರೆ ಐತೆಪಾ. ಆದ್ರ ಮೊನ್ನೆ ನಾ ಎರಡನೇ ಸಲ ಚಹಾ ಕುಡದಿದ್ದು ನಿನಗ ಗೊತ್ತಾತು, ಸಕ್ಕರಿ ಬ್ಯಾನಿ ಐತಿ ಅಂತ ಬೈದಿ. ಅದೂ ಹೋಗ್ಲಿ. ಮಧ್ಯಾಹ್ನ ನಾಲ್ಕು ಮಂದಿ ಹೆಣಮಕ್ಕಳು ಪಡಸಾಲ್ಯಾಗ ಬಂದು ಕುಂಡ್ರತಿದ್ರು. ಈಗ ಒಬ್ಬಾಕಿನೂ ಬರವಲ್ಲಳು. ‘ನಿಮ್ಮ ಮಗಾ ನೋಡ್ತಾನವಾ, ನಾವೊಲ್ಲೆವು’ ಅಂತಾರ.”

“ಅವರ ಮಾತು ಕೇಳಾಕ ನನಗೆಲ್ಲಿ ಹೊತ್ತೈತಿ?”

“ನೀ ಕೇಳ್ತಿ ಅಂತ ಅಲ್ಲೋ, ಕೇಳಬಹುದು ಅಂತ. ನಾ ಬಿದ್ರ ನಿನಗ ಕಾಣತೈತಿ, ಖರೆ. ಆದ್ರ ಬಿದ್ದಾಗ ಎತ್ತಾಕ ಬರೂದು ನಿನ್ನ ಈ ಡಬ್ಬಿ ಅಲ್ಲ, ಬಾಜೂ ಮನೀ ಅಕ್ಕಾ. ಅಕಿ ಈ ಡಬ್ಬಿಗೆ ಹೆದರಿ ಒಳಗ ಕಾಲಿಡವಲ್ಲಳು.”

ಮಗನಿಗೆ ಉತ್ತರ ಹೊಳೆಯಲಿಲ್ಲ.

* * *

ಪಟ್ಟಣದ ವಾಚಕರಲ್ಲಿ ಕೆಲವರು ಇದನ್ನು ಓದಿ ನಗಬಹುದು. ‘ಹಳ್ಳಿಯಲ್ಲಿ ಗುಟ್ಟು ಎಂಬುದು ಯಾವಾಗ ಇತ್ತು? ಒಬ್ಬರ ಮನೆಯ ಒಗ್ಗರಣೆಯ ವಾಸನೆಯಿಂದಲೇ ಅವರ ಮನೆಗೆ ಬೀಗರು ಬಂದಿರುವರೆಂದು ಓಣಿಗೆಲ್ಲ ತಿಳಿಯುತ್ತಿತ್ತಲ್ಲ!’ ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಸತ್ಯವಿದೆ. 1879ರಲ್ಲಿ ನಮ್ಮ ದೇಶಕ್ಕೆ ಅಂಚೆಯ ಕಾರ್ಡು ಬಂದಿತು. ಅದರಲ್ಲಿ ಬರೆದದ್ದನ್ನು ಟಪಾಲಿನವನು ಓದುತ್ತಿದ್ದ. ಓದು ಬಾರದ ಮನೆಯಲ್ಲಿ ಅವನೇ ಗಟ್ಟಿಯಾಗಿ ಓದಿಯೂ ಹೇಳುತ್ತಿದ್ದ. ಮಡಿಚಿ ಅಂಟಿಸುವ ಇನ್‌ಲ್ಯಾಂಡ್ ಪತ್ರ ಬಂದದ್ದು 1950ರಲ್ಲಿ. ಆ ಮೇಲೆ ಬಂದ ಎಸ್‌.ಟಿ.ಡಿ. ಅಂಗಡಿಯ ಗಾಜಿನ ಗೂಡಿನಲ್ಲಿ ನಿಂತು ಮಗಳ ಹೆರಿಗೆಯ ಸುದ್ದಿಯನ್ನು ಕೂಗಿ ಕೇಳಿದವರ ಮಾತು ಹೊರಗೆ ಸಾಲು ನಿಂತವರಿಗೆಲ್ಲ ಕೇಳಿಸುತ್ತಿತ್ತು. ಅದರಿಂದ ಯಾರ ಮನೆಯೂ ಮುಳುಗಲಿಲ್ಲ.

ಹಾಗಾದರೆ ಹೊಸತೇನು? ಅಗಸಿಯ ಕಟ್ಟೆಯ ಮೇಲೆ ಕುಳಿತು ನೋಡುವವನು ತಾನೂ ನೋಡಲ್ಪಡುತ್ತಾನೆ. ಅವನು ಯಾರು, ಯಾರ ಮಗ, ಅವನ ಮಾತಿಗೆ ಎಷ್ಟು ಬೆಲೆ ಎಂಬುದು ಊರಿಗೆ ಗೊತ್ತು. ಹೆಚ್ಚು ಬಾಯಿ ಬಿಟ್ಟರೆ ನಾಳೆ ಅವನ ಮನೆಯ ಮಾತೂ ಕಟ್ಟೆಗೆ ಬಂದೀತೆಂಬ ಅಂಜಿಕೆ ಅವನಿಗಿರುತ್ತದೆ. ಇದಲ್ಲದೆ ಊರಿಗೆ ಮರೆವು ಎಂಬ ದೊಡ್ಡ ಗುಣವಿದೆ. ಇಂದಿನ ಜಗಳ ಬರುವ ಜಾತ್ರೆಯ ಹೊತ್ತಿಗೆ ಹಳತಾಗುತ್ತದೆ. ಯಂತ್ರದ ಕಣ್ಣಿಗೆ ಇವೆರಡೂ ಇಲ್ಲ. ಅದರ ಹಿಂದೆ ನೋಡುವವರು ಯಾರೆಂಬುದು ಕಾಣದು; ಒಮ್ಮೆ ಕಂಡದ್ದನ್ನು, ಯಾರಾದರೂ ಅಳಿಸುವ ತನಕ, ಅದು ಮರೆಯದು. ಸಂಶಿಯ ಹೆಣ್ಣುಮಕ್ಕಳು ನೆರೆಯವರ ಕಿವಿಗೆ ಹೆದರದೆ, ಗೋಡೆಯ ಮೇಲಿನ ಡಬ್ಬಿಗೆ ಹೆದರಿದ್ದರ ಅರ್ಥವಿದು.

* * *

ಇದೇ ಭೇದವನ್ನು ಮನೆಯ ಹೊಸ್ತಿಲಿನಿಂದಾಚೆ, ಹೊಲದ ಕಾಗದದಲ್ಲಿಯೂ ಕಾಣಬಹುದು. ಧಾರವಾಡದ ಸೀಮೆಯಲ್ಲಿ ಭೂಮಿಯ ಲೆಕ್ಕವೆಲ್ಲ ಒಂದು ಕಾಲಕ್ಕೆ ಕುಲಕರ್ಣಿಯ ದಫ್ತರದಲ್ಲಿತ್ತು. ಕೆಂಪು ಬಟ್ಟೆಯ ಆ ಗಂಟು ಬಿಚ್ಚಬೇಕಾದರೆ ಗೌಡ-ಕುಲಕರ್ಣಿಯರ ಮರ್ಜಿ ಬೇಕು. ಅನಂತರ ತಲಾಟಿ ಬಂದ; ಗಂಟು ಕಪಾಟಿನೊಳಗೆ ಸೇರಿತು; ಮರ್ಜಿ ಮಾತ್ರ ಹಾಗೆಯೇ ಉಳಿಯಿತು. ಒಂದು ಉತಾರಕ್ಕಾಗಿ ರೈತ ವಾರಗಟ್ಟಲೆ ಅಲೆಯುತ್ತಿದ್ದ. ಕೈ ಬಿಸಿ ಮಾಡದಿದ್ದರೆ ಹೆಸರು ಅದಲುಬದಲಾಗುವ ಭಯವೂ ಇತ್ತು. ಈ ದುರವಸ್ಥೆಯನ್ನು ಕೊನೆಗಾಣಿಸಲು ಕರ್ನಾಟಕ ಸರಕಾರ 2000ದ ಸುಮಾರಿಗೆ ‘ಭೂಮಿ’ ಎಂಬ ಯೋಜನೆಯನ್ನು ಜಾರಿಗೆ ತಂದಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. 177 ತಾಲ್ಲೂಕುಗಳಲ್ಲಿ ಕಿಟಕಿಗಳು ತೆರೆದವು. 15 ರೂಪಾಯಿ ಕೊಟ್ಟವನ ಕೈಗೆ ಕೆಲವೇ ನಿಮಿಷಗಳಲ್ಲಿ ಉತಾರ ಬಂದಿತು. ದಾಖಲೆಯನ್ನು ತಿದ್ದುವ ನೌಕರನು ತನ್ನ ಬೆರಳೊತ್ತಿಯೇ ಯಂತ್ರವನ್ನು ಪ್ರವೇಶಿಸಬೇಕಾದ್ದರಿಂದ, ‘ನಾನು ತಿದ್ದಲಿಲ್ಲ’ ಎಂದು ಜಾರಿಕೊಳ್ಳುವ ದಾರಿಯೂ ಮುಚ್ಚಿತು. ರೈತನ ಪಾಲಿಗೆ ಇದು ಸಣ್ಣ ಬಿಡುಗಡೆಯಲ್ಲ. ಹೊಸ ಯಂತ್ರಗಳನ್ನು ದೂರುವವರು ಈ ಮಾತನ್ನು ಮರೆಯಬಾರದು.

ಆದರೆ ಉತಾರವು ಜಾಲತಾಣವನ್ನು ಸೇರಿದ ಮೇಲೆ ಇನ್ನೊಂದು ಸಂಗತಿ ನಡೆಯಿತು. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರುಗಳನ್ನು ಆರಿಸಿದರೆ ಸಾಕು. ಹೊಲ ಯಾರದು, ಎಷ್ಟು ಎಕರೆ ಎಷ್ಟು ಗುಂಟೆ, ಅದು ಪಿತ್ರಾರ್ಜಿತವೋ ಖರೀದಿಯೋ, ಅದರ ಮೇಲೆ ಯಾವ ಬ್ಯಾಂಕಿನ ಸಾಲವಿದೆ ಎಂಬುದೆಲ್ಲ ಎಲ್ಲಿಯೋ ಕುಳಿತವರ ಕಣ್ಣಿಗೆ ಬೀಳುತ್ತದೆ. ಉತಾರ ಎಂದಿನಿಂದಲೂ ಸಾರ್ವಜನಿಕ ದಾಖಲೆಯೇ ಸರಿ. ಭೂಮಿಯ ವ್ಯವಹಾರ ಬಯಲಿನಲ್ಲಿದ್ದರೇನೇ ಮೋಸ ಕಡಿಮೆ. ಆದರೂ ಹಿಂದೆ ಅದನ್ನು ನೋಡಬೇಕೆನ್ನುವವನು ಚಾವಡಿಯವರೆಗೆ ನಡೆದು ಬರಬೇಕಾಗಿತ್ತು. ‘ಯಾಕಪ್ಪಾ, ನಿನಗ್ಯಾಕ ಬೇಕು?’ ಎಂಬ ಪ್ರಶ್ನೆಗೆ ಮುಖ ಕೊಡಬೇಕಾಗಿತ್ತು. ಆ ಪ್ರಶ್ನೆ ಈಗ ಅಳಿದಿದೆ. ಅದರೊಡನೆ ಲಂಚವೂ ಅಳಿಯಿತು, ಒಂದು ಮರೆಯೂ ಅಳಿಯಿತು. ಸಾಲದ ಭಾರಕ್ಕೆ ತಲೆ ತಗ್ಗಿಸಿ ನಡೆಯುವ ರೈತನಿಗೆ ಆ ಮರೆಯ ಬೆಲೆ ಗೊತ್ತು.

* * *

ಹೊಲದ ಕಾಗದದ ಮಾತು ಹೀಗಾದರೆ, ಮೈಯ ಗುರುತಿನ ಮಾತು ಇನ್ನೂ ಸೂಕ್ಷ್ಮವಾದುದು. ಪ್ರಜೆಗಳಿಗೆಲ್ಲ ಗುರುತಿನ ಸಂಖ್ಯೆ ಕೊಡುವ ಪ್ರಾಧಿಕಾರ 2009ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದವರು ನಂದನ ನಿಲೇಕಣಿಯವರು. ಬಾಲ್ಯದ ಕೆಲವು ವರ್ಷ ಧಾರವಾಡದಲ್ಲಿ ಓದಿದವರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ಟೆಂಭಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆಗಳು ವಿತರಣೆಯಾದವು. ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಒಂದು ಮುಖ—ಇಷ್ಟನ್ನು ಕೊಟ್ಟವನಿಗೆ ಹನ್ನೆರಡು ಅಂಕಿಗಳು ದೊರೆತವು. ಕಾಗದಪತ್ರವಿಲ್ಲದ ಬಡವನಿಗೆ ‘ನಾನು ಇಂಥವನು’ ಎಂದು ತೋರಿಸಲು ಒಂದು ಆಸರೆ ಸಿಕ್ಕಿತು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳಿನ 2,000 ರೂಪಾಯಿ ಮಧ್ಯವರ್ತಿಯ ಕೈ ಸೋಕದೆ ಯಜಮಾನಿತಿಯ ಖಾತೆಗೆ ಬಂದದ್ದಕ್ಕೂ ಇಂಥ ಜೋಡಣೆಯೇ ಆಧಾರ.

ಆದರೆ ಕಳೆ ತೆಗೆದು, ಹತ್ತಿ ಬಿಡಿಸಿ, ಮುಸುರೆ ತಿಕ್ಕಿ ಸವೆದ ಕೈಗಳನ್ನು ಯಂತ್ರ ಗುರುತಿಸದು. ನ್ಯಾಯಬೆಲೆಯ ಅಂಗಡಿಯ ಮುಂದೆ ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಮತ್ತೆ ಒತ್ತುವ ಮುದುಕಿಯರನ್ನು ಯಾವ ಊರಿನಲ್ಲಿಯಾದರೂ ಕಾಣಬಹುದು. ದುಡಿದ ಕೈಯೇ ಅಪರಿಚಿತವೆನಿಸುವುದು ವಿಪರ್ಯಾಸ.

ಇನ್ನೊಂದು ಅಪಾಯ ಅಕ್ಷರಸ್ಥರ ಮನೆಗೇ ಬಂದಿತು. ಆಧಾರ್ ಮತ್ತು ಬೆರಳೊತ್ತಿನ ಬಲದಿಂದ ಹಳ್ಳಿಯ ಕಿರುಯಂತ್ರದಲ್ಲಿಯೇ ಹಣ ತೆಗೆಯುವ ಒಂದು ಏರ್ಪಾಡು ಬ್ಯಾಂಕುಗಳಲ್ಲಿದೆ. ಬ್ಯಾಂಕು ದೂರವಿರುವ ಊರುಗಳಿಗೆ ಅದು ಉಪಕಾರಿಯೇ. ಅದಕ್ಕೆ ಗುಪ್ತಸಂಖ್ಯೆ ಬೇಡ, ಫೋನಿಗೆ ಬರುವ ಒಂದು ಬಾರಿಯ ಸಂಖ್ಯೆಯೂ ಬೇಡ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಿನ ಗುರುತು—ಈ ಮೂರೇ ಸಾಕು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಗಳಿಂದ ಅವರಿಗೆ ತಿಳಿಯದಂತೆಯೇ ಹಣ ಹೋಗತೊಡಗಿತು. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ದೊರೆಯುತ್ತಿದ್ದ ಕ್ರಯಪತ್ರಗಳ ಪ್ರತಿಗಳಿಂದ ಹೆಬ್ಬೆರಳಿನ ಗುರುತನ್ನು ಎತ್ತಿ, ಅದರ ಅಚ್ಚನ್ನು ತಯಾರಿಸಿ, ಕಳ್ಳರು ಈ ಕೈಚಳಕ ನಡೆಸಿರಬೇಕೆಂದು ಪೊಲೀಸರಿಗೆ ಸಂಶಯ ಬಂದಿತು. ಆ ಬಳಿಕ ಸರಕಾರ ಪ್ರತಿಗಳಲ್ಲಿ ಬೆರಳಿನ ಗುರುತನ್ನು ಮರೆಮಾಚುವ ಕ್ರಮ ಕೈಗೊಂಡಿತು. ಮನೆಯ ಕೀಲಿ ಕಳುವಾದರೆ ಹೊಸ ಕೀಲಿ ಮಾಡಿಸಬಹುದು. ಹೆಬ್ಬೆರಳು ಕಳುವಾದರೆ ಹೊಸ ಹೆಬ್ಬೆರಳನ್ನು ಎಲ್ಲಿಂದ ತರುವುದು? ಬೆರಳು ಗುರುತಾಗಬಲ್ಲದು, ಬೀಗವಾಗಲು ಅದು ಯೋಗ್ಯವೇ ಎಂಬುದನ್ನು ತಿಳಿದವರು ಮತ್ತೊಮ್ಮೆ ಯೋಚಿಸಬೇಕು.

ಇಂಥ ಕಡೆ ಗೃಹಸ್ಥರು ಕೈಕಟ್ಟಿ ಕೂಡಬೇಕಾಗಿಲ್ಲ. ಬೆರಳು-ಕಣ್ಣುಗಳ ಗುರುತಿಗೆ ಬೀಗ ಹಾಕುವ ಅನುಕೂಲವನ್ನು ಆಧಾರ್ ಪ್ರಾಧಿಕಾರವೇ ಕೊಟ್ಟಿದೆ; ಬೇಕಾದಾಗ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಬಹುದು. ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯೂ ದೊರೆಯುತ್ತದೆ. ವಸತಿಗೃಹದಲ್ಲಿಯೋ ಅಂಗಡಿಯಲ್ಲಿಯೋ ನಕಲು ಕೇಳಿದರೆ ಅದನ್ನು ಕೊಟ್ಟರೆ ಸಾಕಾಗುವ ಸಂದರ್ಭಗಳೇ ಹೆಚ್ಚು. ಹಣ ಹೋದದ್ದು ಗೊತ್ತಾದ ಕೂಡಲೆ 1930 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಬೇಕು. ಫೋನಿನ ಪರದೆಯ ಮೇಲೆ ಪೊಲೀಸರ ವೇಷದಲ್ಲಿ ಕಾಣಿಸಿಕೊಂಡು ‘ನಿಮ್ಮನ್ನು ಬಂಧಿಸಿದ್ದೇವೆ, ಕೋಣೆಯಿಂದ ಕದಲಬೇಡಿರಿ’ ಎನ್ನುವವರು ಕಳ್ಳರೇ. ಅಂಥ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲವೆಂಬುದನ್ನು ಮನೆಯ ಹಿರಿಯರಿಗೆ ಮುಂಚಿತವಾಗಿ ತಿಳಿಸಿ ಹೇಳುವುದು ಮಕ್ಕಳ ಕರ್ತವ್ಯ.

* * *

ಖಾಸಗಿತನದ ಹಕ್ಕು ಎಂಬ ವಿಚಾರಕ್ಕೆ ಆಧುನಿಕ ಕಾಲದಲ್ಲಿ ರೂಪ ಬಂದದ್ದೂ ಒಂದು ಕ್ಯಾಮರಾದ ನಿಮಿತ್ತವಾಗಿಯೇ ಎಂಬುದು ಸ್ವಾರಸ್ಯದ ಸಂಗತಿ. 1888ರಲ್ಲಿ ಕೊಡಕ್ ಕೈಕ್ಯಾಮರಾ ಮಾರುಕಟ್ಟೆಗೆ ಬಂದಿತು. ಎರಡು ವರ್ಷ ಕಳೆದ ಮೇಲೆ, 1890ರಲ್ಲಿ, ಅಮೆರಿಕೆಯ ವಾರನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ವಕೀಲರು, ಕ್ಷಣಾರ್ಧದ ಛಾಯಾಚಿತ್ರಗಳೂ ಪತ್ರಿಕೆಗಳೂ ಮನೆಯೊಳಗಿನ ಬಾಳನ್ನು ಬೀದಿಗೆ ತರುತ್ತಿವೆಯೆಂದು ಕಳವಳಪಟ್ಟು, ಮನುಷ್ಯನಿಗೆ ತನ್ನಷ್ಟಕ್ಕೆ ತಾನಿರುವ ಹಕ್ಕು ಇದೆಯೆಂದು ವಾದಿಸಿದರು. ನಮ್ಮ ದೇಶದಲ್ಲಿ ಈ ಪ್ರಶ್ನೆ 1962ರಲ್ಲಿ ಖರಕ್ ಸಿಂಗ್ ಎಂಬಾತನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಪೊಲೀಸರು ನಡುರಾತ್ರಿಯಲ್ಲಿ ಅವನ ಬಾಗಿಲು ಬಡಿದು ‘ಮನೆಯಲ್ಲಿದ್ದೀಯೋ?’ ಎಂದು ವಿಚಾರಿಸುತ್ತಿದ್ದರು. ಆ ರಾತ್ರಿಯ ಭೇಟಿ ತಪ್ಪೆಂದು ನ್ಯಾಯಾಲಯ ಹೇಳಿತಾದರೂ, ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲವೆಂದಿತು. ಅದು ಇದೆಯೆಂದು ಭಿನ್ನಮತವನ್ನು ಬರೆದವರು ನ್ಯಾಯಮೂರ್ತಿ ಸುಬ್ಬರಾವ್ ಅವರು.

ಆ ಭಿನ್ನಮತದ ಮಾತು ಗೆಲ್ಲಲು ಐವತ್ತೈದು ವರ್ಷ ಬೇಕಾಯಿತು. ಅದನ್ನು ಗೆಲ್ಲಿಸಿದ ಮೊಕದ್ದಮೆಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ದೆಹಲಿಯ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಆಧಾರ್ ಯೋಜನೆಯನ್ನು ಬಹುಮತದಿಂದ ಎತ್ತಿಹಿಡಿದರೂ, ಬ್ಯಾಂಕಿನ ಖಾತೆಗೂ ಫೋನಿನ ಸಿಮ್ಮಿಗೂ ಅದು ಕಡ್ಡಾಯವಲ್ಲವೆಂದು ನ್ಯಾಯಾಲಯ ಹೇಳಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಇಲ್ಲಿ ‘ಖಾಸಗಿ’ ಎಂಬ ಶಬ್ದದ ಹುಟ್ಟನ್ನು ನೆನೆಯುವುದು ಅಪ್ರಸ್ತುತವಾಗದು. ಮರಾಠರ ರಾಜ್ಯಾಡಳಿತದಲ್ಲಿ ‘ಖಾಸಗಿ’ ಎಂದರೆ ರಾಜಮನೆತನದ ಸ್ವಂತದ್ದು: ಅದರ ಸ್ವಂತ ಉತ್ಪನ್ನ, ಸ್ವಂತ ಜಮೀನು. ಸಂಶಿಯ ನೆರೆಯ ಕುಂದಗೋಳ 1948ರವರೆಗೆ ಜಮಖಂಡಿಯ ಪಟವರ್ಧನ ಸಂಸ್ಥಾನಕ್ಕೆ ಸೇರಿತ್ತು. ಅಂಥ ಸಂಸ್ಥಾನಗಳಲ್ಲಿ ಖಾಸಗಿ ಎಂಬುದು ಅರಸನಿಗೆ ಇರತಕ್ಕದ್ದು, ಪ್ರಜೆಗೆಲ್ಲಿಯ ಖಾಸಗಿ? ಅರಮನೆಯ ಆ ಶಬ್ದ ಇಂದು ನ್ಯಾಯಾಲಯದ ತೀರ್ಪಿನ ಮೂಲಕ ಮಣ್ಣಿನ ಮನೆಯ ಪಡಸಾಲೆಯವರೆಗೂ ಬಂದಿದೆ. ಪ್ರಜಾಪ್ರಭುತ್ವದ ನಡಿಗೆ ಎಂದರೆ ಇದೇ ಇರಬೇಕು.

ವ್ಯಕ್ತಿಯ ಮಾಹಿತಿಯ ರಕ್ಷಣೆಗಾಗಿ 2023ರ ಆಗಸ್ಟಿನಲ್ಲಿ ಸಂಸತ್ತು ಒಂದು ಕಾಯಿದೆಯನ್ನು ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮಾಹಿತಿ ಪಡೆಯುವವರು ಯಾತಕ್ಕಾಗಿ ಪಡೆಯುತ್ತೇವೆಂದು ತಿಳಿಸಬೇಕು, ಒಪ್ಪಿಗೆ ಕೇಳಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ದಾರಿಯಿರಬೇಕು ಎಂಬುದು ಅದರ ತಿರುಳು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಉಪಯೋಗಕ್ಕಾಗಿ ಮಾಡುವ ಕೆಲಸಕ್ಕೆ ಆ ಕಾಯಿದೆ ಅನ್ವಯಿಸದು. ಅಂದರೆ ಕಾಯಿದೆಯ ಕೈ ಹೊಸ್ತಿಲಿಗೇ ನಿಲ್ಲುತ್ತದೆ. ಮಗ ತಾಯಿಯ ಪಡಸಾಲೆಯಲ್ಲಿ ನಿಲ್ಲಿಸಿದ ಕಣ್ಣಿಗೆ ಅದರ ನಿಯಮವಿಲ್ಲ. ಗಂಡ ಹೆಂಡತಿಯ ಫೋನನ್ನು ತೆರೆದು ಓದುವುದಕ್ಕೂ, ತಂದೆ ಕಾಲೇಜಿನ ಮಗಳು ಎಲ್ಲಿದ್ದಾಳೆಂದು ನಕಾಶೆಯ ಮೇಲೆ ಹುಡುಕುವುದಕ್ಕೂ ಅಲ್ಲಿ ಮಾತಿಲ್ಲ. ಸರಕಾರವೂ ದೊಡ್ಡ ಕಂಪನಿಗಳೂ ನಮ್ಮನ್ನು ನೋಡುತ್ತಿವೆಯೆಂದು ನೊಂದುಕೊಳ್ಳುವ ಸುಶಿಕ್ಷಿತರು, ತಮ್ಮವರನ್ನು ತಾವು ನೋಡುವ ರೀತಿಯನ್ನು ಮಾತ್ರ ಪ್ರೀತಿಯೆಂದು ಕರೆಯುತ್ತಾರೆ. ಅದು ಪ್ರೀತಿಯಲ್ಲವೆಂದಲ್ಲ. ಆದರೆ ಪ್ರೀತಿಯೂ ಬಾಗಿಲು ತಟ್ಟಿ ಒಳಗೆ ಬರಬೇಕು. ಕಾಯಿದೆ ತಲುಪದ ಕಡೆ ಮರ್ಯಾದೆಯೇ ಕಾಯಿದೆಯಾಗಬೇಕಾಗುತ್ತದೆ.

* * *

ಸಂಶಿಯ ಮಗನಿಗೆ ಇಷ್ಟೆಲ್ಲ ವಿಚಾರ ಹೊಳೆಯಿತೋ ಇಲ್ಲವೋ, ಯುಗಾದಿಗೆ ಊರಿಗೆ ಬಂದಾಗ ಕ್ಯಾಮರಾವನ್ನು ಕಳಚಲೆಂದು ಏಣಿ ತಂದ. ತಾಯಿಯೇ ಬೇಡವೆಂದಳು.

“ಇರ್ಲಿ ಬಿಡು. ರಾತ್ರಿ ಒಬ್ಬಾಕೀನ ಇರ್ತೀನಿ. ನೀ ನೋಡಾಕತ್ತೀ ಅಂದ್ರ ನನಗೂ ಧೈರ್ಯ. ಆದ್ರ ಮಧ್ಯಾಹ್ನ ಊಟ ಆದಮ್ಯಾಲ ನಾ ಖಣಾ ಹಾಕ್ತೀನಿ. ದೀಪಾ ಹಚ್ಚೂ ಹೊತ್ತಿಗೆ ತಗೀತೀನಿ. ದೀಪಾ ಹಚ್ಚೂ ಹೊತ್ತಾದ್ರೂ ಖಣಾ ತಗೀಲಿಲ್ಲ ಅಂದ್ರ ಬಾಜೂ ಅಕ್ಕಾಗ ಫೋನ್ ಮಾಡು. ಅದಕ್ಕಿಂತ ಮದಲ ಗಾಬರಿ ಆಗಬ್ಯಾಡ.”

ಮಗ ಇನ್ನೂ ಒಂದು ಕೆಲಸ ಮಾಡಿದ. ಯಂತ್ರದ ಕಿವಿಯನ್ನು, ಎಂದರೆ ಮಾತನ್ನು ಹಿಡಿಯುವ ಭಾಗವನ್ನು, ಮುಚ್ಚಿಸಿದ. ನೆರೆಯವರನ್ನು ಕರೆದು, ಖಣ ಹಾಕಿದರೆ ತನಗೆ ಕತ್ತಲೆಯೇ ಕಾಣುವುದೆಂದು ತನ್ನ ಫೋನಿನಲ್ಲಿಯೇ ತೋರಿಸಿದ. ಒಬ್ಬಾಕೆ ನಂಬಲಿಲ್ಲ, ಖಣದ ಮೇಲೆ ತನ್ನ ಕೈಯಿಂದ ಇನ್ನೊಂದು ಅರಿವೆಯನ್ನು ಹೊದಿಸಿ, ಮತ್ತೊಮ್ಮೆ ಫೋನನ್ನು ನೋಡಿ, ಆಮೇಲೆ ನಂಬಿದಳು.

ಮರುದಿನದಿಂದ ಬೆಂಗಳೂರಿನ ಕಚೇರಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಮೊದಮೊದಲು ಮಗನಿಗೆ ಕಸಿವಿಸಿಯಾಗುತ್ತಿತ್ತು. ಈಗ ಅವನಿಗೆ ಗೊತ್ತು: ಪರದೆ ಕಪ್ಪಾಗಿದೆಯೆಂದರೆ ಅವ್ವನ ಪಡಸಾಲೆಯಲ್ಲಿ ನಾಲ್ಕು ಜನ ಕುಳಿತಿದ್ದಾರೆ, ಎರಡನೆಯ ಸಲದ ಚಹಾ ಕುದಿಯುತ್ತಿದೆ. ಅವನು ಫೋನನ್ನು ಜೇಬಿಗೆ ಸೇರಿಸಿ ಊಟಕ್ಕೆ ಏಳುತ್ತಾನೆ.